ಅಂಕಪಟ್ಟಿಯ ಹಿಂಬದಿ

ದೂರ ಶಿಕ್ಷಣದ ಬಿ.ಎ. ಎರಡನೇ ವರ್ಷದ ಇತಿಹಾಸದ ಅಸೈನ್‌ಮೆಂಟುಗಳನ್ನು ತಿದ್ದುತ್ತಿದ್ದ ಒಂದು ರಾತ್ರಿ, ಉತ್ತರದ ಹಾಳೆಗಳ ಹಿಂದೆ ಪಿನ್ನು ಚುಚ್ಚಿಟ್ಟಿದ್ದ ಜೆರಾಕ್ಸ್ ಪ್ರತಿಯೊಂದು ನನ್ನ ಕೈಗೆ ಬಂತು. ಪ್ರಶ್ನೆ ಗೇಣಿದಾರರಿಗೆ ಭೂಮಿಯ ಒಡೆತನ ಕೊಟ್ಟ ಕರ್ನಾಟಕದ ಭೂಸುಧಾರಣೆಯನ್ನು ಕುರಿತದ್ದು. ಬರೆದವರು 39 ವರ್ಷದ ಗೃಹಿಣಿ. ಪಿಯುಸಿ ಮುಗಿಯುತ್ತಿದ್ದಂತೆ ಮದುವೆಯಾಗಿ, ಇಪ್ಪತ್ತು ವರ್ಷಗಳ ನಂತರ ಮತ್ತೆ ಪುಸ್ತಕ ಹಿಡಿದವರು. ಉತ್ತರ ಒಂದೂವರೆ ಪುಟದಷ್ಟಿತ್ತು. ತಿದ್ದುಪಡಿ ಕಾಯ್ದೆ ಜಾರಿಗೆ ಬಂದ 1974ರ ಮಾರ್ಚ್ 1ರ ಉಲ್ಲೇಖವಿರಲಿಲ್ಲ, ಭೂನ್ಯಾಯ ಮಂಡಳಿಗಳ ಅಧಿಕಾರದ ವಿವರವಿರಲಿಲ್ಲ, ದೇವರಾಜ ಅರಸು ಅವರ ಹೆಸರು ಒಂದೇ ಒಂದು ಸಲ ಬಂದಿತ್ತು. ಜೆರಾಕ್ಸ್ ಪ್ರತಿ ಮಾತ್ರ ಅವರ ಮಾವನ ಹೆಸರಿಗೆ ಭೂನ್ಯಾಯ ಮಂಡಳಿ ಹೊರಡಿಸಿದ್ದ ಆದೇಶದ್ದು. ಅದರ ಕೆಳಗೆ ಅವರು ಹೀಗೆ ಬರೆದಿದ್ದರು: "ನಮ್ಮ ಮಾವನವರು ಗೇಣಿ ಗದ್ದೆಯ ಹಕ್ಕಿಗೆ ಏಳನೇ ನಂಬರ್ ಫಾರಂ ಹಾಕಿದ್ದರು. ಪಾಠ ಓದಿದ ಮೇಲೆ ಅತ್ತೆಯವರನ್ನು ಕೇಳಿ ಟ್ರಂಕಿನಿಂದ ತೆಗೆಸಿದೆ. ಅತ್ತೆಯವರೂ ಅದೇ ಗದ್ದೆಯಲ್ಲಿ ನಾಟಿ ಮಾಡಿದವರು. ಇದರಲ್ಲಿ ಅವರ ಹೆಸರಿಲ್ಲ."

ಮೌಲ್ಯಮಾಪನದ ಸೂಚನೆಗಳಂತೆ ನಾನು ಆ ಉತ್ತರಕ್ಕೆ 15ಕ್ಕೆ 7 ಅಂಕ ಕೊಟ್ಟೆ. ಆ ಅಂಕ ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ಅಷ್ಟಕ್ಕೇ ಅರ್ಹವಾಗಿತ್ತು, ಮನೆಯ ಕಾಗದವೊಂದನ್ನು ಲಗತ್ತಿಸಿದ್ದಕ್ಕೆ ಕರುಣೆಯ ಅಂಕ ಕೊಡುವುದು ಅವರ ಓದಿಗೇ ಅಗೌರವವಾಗುತ್ತಿತ್ತು. ಆದರೆ ಒಂದು ಪಾಠದ ಕಾರಣದಿಂದ ಒಂದು ಮನೆಯ ಟ್ರಂಕು ತೆರೆದಿತ್ತು, ನಾಲ್ಕು ದಶಕಗಳಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಸೊಸೆ ಅತ್ತೆಗೆ ಕೇಳಿದ್ದಳು. ಇದನ್ನು ಎಲ್ಲಿ ಬರೆದಿಡಬೇಕು ಎನ್ನುವುದು ನನಗೆ ತಿಳಿಯಲಿಲ್ಲ. ಮುಂದಿನ ಸಂಪರ್ಕ ತರಗತಿಯಲ್ಲಿ ಸಿಕ್ಕಾಗ ಅವರನ್ನು ವಿಚಾರಿಸಿದೆ. ಅತ್ತೆಯವರು ಆ ಸಂಜೆ ಗೇಣಿಯ ಕಾಲದ ಕಥೆಗಳನ್ನು ಹೇಳುತ್ತಾ ಕೂತರಂತೆ, ಒಡೆಯರ ಮನೆಗೆ ಭತ್ತ ಅಳೆದು ಕೊಟ್ಟದ್ದು, ಮಂಡಳಿಯ ಮುಂದೆ ಮಾವ ತಡವರಿಸಿದ್ದು, ತಾನು ಬಾಗಿಲ ಹೊರಗೆ ಮಗುವನ್ನೆತ್ತಿಕೊಂಡು ನಿಂತದ್ದು. "ನಮ್ಮತ್ತೆ ಅಷ್ಟು ಹೊತ್ತು ಮಾತಾಡಿದ್ದನ್ನ ನಾನು ಮದುವೆಯಾದ ಮೇಲೆ ನೋಡೇ ಇರ್ಲಿಲ್ಲ ಮೇಡಂ" ಎಂದರು.

ಹದಿನಾಲ್ಕು ವರ್ಷಗಳಿಂದ ಭಾನುವಾರದ ಸಂಪರ್ಕ ತರಗತಿಗಳಲ್ಲಿ ಪಾಠ ಮಾಡುತ್ತಿರುವ ನನಗೆ ಆ ಜೆರಾಕ್ಸ್ ಪ್ರತಿ ಒಂದು ಪ್ರಶ್ನೆಯನ್ನು ಗಂಟುಹಾಕಿತು. ವಯಸ್ಕರೊಬ್ಬರು ಕಾಲೇಜಿಗೆ ಸೇರಿದರೆ ಅವರ ಬದುಕಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನು, ಅಂಕ ಮತ್ತು ತೇರ್ಗಡೆಯ ಪ್ರಮಾಣಗಳ ಆಚೆಗೆ, ಪ್ರಾಮಾಣಿಕವಾಗಿ ಅಳೆಯಲು ಸಾಧ್ಯವೇ?

ಈಗ ಬಳಕೆಯಲ್ಲಿರುವ ಅಳತೆಗಳನ್ನು ಮೊದಲು ನೋಡೋಣ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಅನುಪಾತ ಶೇ. 28.4. ಈ ಅನುಪಾತವನ್ನು ಲೆಕ್ಕ ಹಾಕುವಾಗ ದಾಖಲಾದವರನ್ನು ವಯಸ್ಸಿನ ಭೇದವಿಲ್ಲದೆ ಎಣಿಸುತ್ತಾರೆ, ಆದರೆ ಭಾಗಿಸುವುದು 18ರಿಂದ 23ರ ವಯೋಮಾನದ ಜನಸಂಖ್ಯೆಯಿಂದ. ಹೀಗಾಗಿ ನನ್ನ ತರಗತಿಯಲ್ಲಿ ಕೂರುವ 43 ವರ್ಷದ ಪೊಲೀಸ್ ಕಾನ್‌ಸ್ಟೆಬಲ್ ಆ ಶೇಕಡಾವಾರಿನೊಳಗೆ ಇದ್ದಾರೆ, ಆದರೆ ಒಬ್ಬ ಯುವಕನ ಜಾಗದಲ್ಲಿ ಇದ್ದಾರೆ. ಅವರ ವಯಸ್ಸು, ಅವರ ರಾತ್ರಿ ಪಾಳಿ, ಇಪ್ಪತ್ತು ವರ್ಷ ಬಿಟ್ಟು ಮರಳಿದ ಅವರ ಓದು, ಇವೆಲ್ಲ ಭಾಗಾಕಾರದಲ್ಲಿ ಕರಗಿಹೋಗುತ್ತವೆ. ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿಯ ಕಾಲೇಜುಗಳ ವಿಭಾಗದಲ್ಲಿ ಪದವೀಧರರ ಫಲಿತಾಂಶವನ್ನು ತೂಗುವಾಗ ಪ್ಲೇಸ್‌ಮೆಂಟ್, ಉನ್ನತ ವ್ಯಾಸಂಗಕ್ಕೆ ಹೋದವರ ಪ್ರಮಾಣ, ಮಧ್ಯಕ ಸಂಬಳ ಇಂಥವು ಲೆಕ್ಕಕ್ಕೆ ಬರುತ್ತವೆ. ಇಪ್ಪತ್ತೊಂದರ ಹುಡುಗನಿಗೆ ಇವು ಸರಿಯಾದ ಪ್ರಶ್ನೆಗಳೇ. ಆಗಲೇ ಹದಿನೈದು ವರ್ಷದಿಂದ ಅಂಗನವಾಡಿ ನಡೆಸುತ್ತಿರುವ ಕಾರ್ಯಕರ್ತೆಗೆ ಪ್ಲೇಸ್‌ಮೆಂಟ್ ಎಂದರೇನು? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗಾಗಿ ನಡೆಸುವ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ತರಗತಿಯಲ್ಲಿ ಪಠ್ಯದ ಎಷ್ಟು ಭಾಗ ಮುಗಿಯಿತು ಎಂಬಲ್ಲಿಂದ ಆರಂಭವಾಗುತ್ತದೆ. ಅದು ಕಾಲೇಜನ್ನು ಕುರಿತ ಪ್ರಶ್ನೆಯೇ ಹೊರತು ಕಲಿತವರ ಬದುಕನ್ನು ಕುರಿತದ್ದಲ್ಲ.

ನಮ್ಮಲ್ಲಿ ಇಂಥ ಶಿಕ್ಷಣಕ್ಕೆ ಒಂದು ಚೆಂದದ ಹಳೆಯ ಹೆಸರಿತ್ತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭಿಸಿದ ಸಂಸ್ಥೆಯನ್ನು ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ಎಂದು ಕರೆಯುತ್ತಿದ್ದರು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದು "ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ" ಎಂಬ ಧ್ಯೇಯವಾಕ್ಯವನ್ನು ಹೊತ್ತಿತು. ಈಗ ಜನ ಕರೆಸ್ಪಾಂಡೆನ್ಸ್ ಎನ್ನುತ್ತಾರೆ, ಓಪನ್ ಯೂನಿವರ್ಸಿಟಿ ಎನ್ನುತ್ತಾರೆ, ದೂರ ಶಿಕ್ಷಣ ಎನ್ನುತ್ತಾರೆ. ನನಗೆ ತೆರಪು ಎಂಬ ಮಾತೇ ಇಷ್ಟ. ತೆರಪು ಎಂದರೆ ಎರಡು ಕೆಲಸಗಳ ನಡುವೆ ಸಿಗುವ ಬಿಡುವು, ಎರಡು ವಸ್ತುಗಳ ನಡುವೆ ಉಳಿದ ಜಾಗ. ನನ್ನ ವಿದ್ಯಾರ್ಥಿಗಳು ಓದುವುದು ಅಂಥ ಸಂದುಗಳಲ್ಲೇ: ಹಾಲು ಕಾಯುವಷ್ಟು ಹೊತ್ತಿನಲ್ಲಿ, ಡಿಪೊದಲ್ಲಿ ಬಸ್ಸು ನಿಂತ ಮುಕ್ಕಾಲು ಗಂಟೆಯಲ್ಲಿ, ಮಕ್ಕಳು ಮಲಗಿದ ಮೇಲೆ. ಅವರಲ್ಲಾಗುವ ಬದಲಾವಣೆಯೂ ಅಂಥ ಸಂದುಗಳಲ್ಲೇ ಕಾಣಿಸುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಎಂಟು ವರ್ಷಗಳ ಹಿಂದೆ ನಾನೇ ಒಂದು ಪ್ರಶ್ನಾವಳಿ ಮಾಡಿದೆ. ಕೊನೆಯ ಸಂಪರ್ಕ ತರಗತಿಯ ದಿನ ಹಂಚಿದ ಆ ಹಾಳೆಯಲ್ಲಿ "ನಿಮ್ಮ ಆತ್ಮವಿಶ್ವಾಸ ಹೆಚ್ಚಿದೆಯೇ?", "ಕುಟುಂಬದಲ್ಲಿ ನಿಮ್ಮ ಗೌರವ ಹೆಚ್ಚಿದೆಯೇ?" ಎಂಬಂತಹ ಹತ್ತು ಪ್ರಶ್ನೆಗಳಿದ್ದವು. ಹೆಚ್ಚುಕಡಿಮೆ ಎಲ್ಲರೂ ಎಲ್ಲದಕ್ಕೂ ಹೌದು ಎಂದು ಗುರುತು ಹಾಕಿದರು, ನಾನು ಎರಡು ದಿನ ಸಂತೋಷದಿಂದಿದ್ದೆ. ಮೂರನೆಯ ದಿನ, ಆ ತಂಡದಲ್ಲಿದ್ದ ಬ್ಯಾಂಕ್ ಅಟೆಂಡರ್ ಒಬ್ಬರು ಫೋನಿನಲ್ಲಿ ಮಾತಾಡುತ್ತಾ, "ಇಲ್ಲ ಅಂತ ಹಾಕಿದ್ರೆ ನಿಮಗೆ ಬೇಜಾರಾಗ್ತಿತ್ತಲ್ಲ ಮೇಡಂ" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಾಠ ಹೇಳಿದವರಿಗೆ ಇಲ್ಲ ಎನ್ನಬಾರದೆಂಬ ಮರ್ಯಾದೆ ಇತ್ತು. ತಪ್ಪು ನನ್ನ ಪ್ರಶ್ನೆಯದು. ಯಾರ ಕೈಯಲ್ಲಿ ಹಾಳೆ ಕೊಟ್ಟು ಯಾರು ಎದುರಿಗೆ ನಿಂತಿದ್ದಾರೆ ಎಂಬುದೇ ಅರ್ಧ ಉತ್ತರವನ್ನು ತೀರ್ಮಾನಿಸಿಬಿಡುತ್ತದೆ.

ಮುಂದಿನ ವರ್ಷ ಸೇರ್ಪಡೆಯ ದಿನವೂ ಕೇಳಿದೆ, ಮುಗಿಸುವ ದಿನವೂ ಕೇಳಿದೆ. ಮೊದಲು ಮತ್ತು ನಂತರದ ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಸತ್ಯ ಸಿಗುತ್ತದೆ ಎಂದುಕೊಂಡಿದ್ದೆ. ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಸೇರುವಾಗ "ಕನ್ನಡದಲ್ಲಿ ನನ್ನ ವಿಚಾರವನ್ನು ಸ್ಪಷ್ಟವಾಗಿ ಬರೆಯಬಲ್ಲೆ" ಎಂಬುದಕ್ಕೆ ಐದಕ್ಕೆ ಐದು ಹಾಕಿದ್ದವರು, ಮೂರು ವರ್ಷಗಳ ನಂತರ ಮೂರು ಹಾಕಿದರು. ಕಾಗದದ ಪ್ರಕಾರ ಕಾಲೇಜು ಅವರ ಬರವಣಿಗೆಯನ್ನು ಕೆಡಿಸಿತ್ತು. ಅವರ ಮೊದಲ ವರ್ಷದ ಉತ್ತರಗಳನ್ನೂ ಕೊನೆಯ ವರ್ಷದವನ್ನೂ ಓದಿದ್ದ ನನಗೆ ನಿಜ ಗೊತ್ತಿತ್ತು: ಚೆನ್ನಾಗಿ ಬರೆಯುವುದು ಎಂದರೇನು ಎಂದು ಈಗ ಅವರಿಗೆ ತಿಳಿದಿತ್ತು, ಆದ್ದರಿಂದಲೇ ಅಂಕ ಇಳಿದಿತ್ತು. ಮೊದಲು ಪಾವಿನಲ್ಲಿ ಅಳೆದಿದ್ದರು, ಈಗ ಸೇರಿನಲ್ಲಿ ಅಳೆಯುತ್ತಿದ್ದರು. ಕಲಿಕೆಯೇ ಅಳತೆಗೋಲನ್ನು ಬದಲಿಸುವ ಈ ಸಂಗತಿ ಸಮೀಕ್ಷೆ ಮಾಡುವವರಿಗೆ ಹೊಸದಲ್ಲ, ಕೊನೆಯಲ್ಲಿ ಕೂರಿಸಿ "ಈಗ ಯೋಚಿಸಿದರೆ, ಸೇರುವಾಗ ನೀವು ಎಲ್ಲಿದ್ದಿರಿ?" ಎಂದು ಹಿಂದಿರುಗಿ ನೋಡಿಸುವ ಪದ್ಧತಿಯೂ ಇದೆ. ಅದೂ ಪೂರ್ಣವಲ್ಲ, ನೆನಪು ತನಗೆ ಬೇಕಾದಂತೆ ಕಥೆ ಕಟ್ಟುತ್ತದೆ. ಆದರೂ ಎರಡನ್ನೂ ಕೇಳುವುದು ಒಂದನ್ನೇ ಕೇಳುವುದಕ್ಕಿಂತ ಮೇಲು.

ಇವೆಲ್ಲಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ನಲವತ್ತರ ವಯಸ್ಸಿನಲ್ಲಿ ಅರ್ಜಿ ತುಂಬಿ, ಚಲನ್ ಕಟ್ಟಿ, ಭಾನುವಾರ ಬೆಳಿಗ್ಗೆ ಬಸ್ಸು ಹತ್ತುವ ವ್ಯಕ್ತಿ ಅದಕ್ಕೂ ಮೊದಲೇ ಒಳಗೊಳಗೆ ಕದಲಿರುತ್ತಾರೆ. ಅವರಲ್ಲಿ ನಾವು ಕಾಣುವ ಬದಲಾವಣೆ ಕಾಲೇಜಿನ ಫಲವೋ, ಅವರನ್ನು ಕಾಲೇಜಿಗೆ ತಂದ ಹಂಬಲದ ಫಲವೋ? ಇದಕ್ಕೆ ಗಂಭೀರವಾಗಿ ಉತ್ತರ ಹುಡುಕಿದ ಪ್ರಯತ್ನವೊಂದು ಬ್ರಿಟನ್ನಿನದು. 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳನ್ನು ಅಲ್ಲಿ ಹುಟ್ಟಿನಿಂದಲೇ ಗುರುತು ಹಾಕಿಕೊಂಡು, ಅವರು ಬೆಳೆದಂತೆ, ಮಧ್ಯವಯಸ್ಕರಾದಂತೆ ಮತ್ತೆ ಮತ್ತೆ ಭೇಟಿಯಾಗಿ ವಿಚಾರಿಸುತ್ತಾ ಬಂದಿದ್ದಾರೆ. ಲಿಯಾನ್ ಫೈನ್‌ಸ್ಟೈನ್ ಮತ್ತು ಕ್ಯಾಥಿ ಹ್ಯಾಮಂಡ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಜನರ 33ನೇ ವಯಸ್ಸಿನ ಉತ್ತರಗಳನ್ನೂ 42ನೇ ವಯಸ್ಸಿನ ಉತ್ತರಗಳನ್ನೂ ಎದುರುಬದುರಾಗಿಟ್ಟು, ನಡುವೆ ಯಾವುದಾದರೂ ಕೋರ್ಸ್ ಮಾಡಿದವರನ್ನು ಮಾಡದವರ ಜೊತೆ ಹೋಲಿಸಿದರು. ಓದಿದವರಲ್ಲಿ ಧೂಮಪಾನ ಬಿಟ್ಟವರು, ವ್ಯಾಯಾಮ ಹೆಚ್ಚಿಸಿಕೊಂಡವರು, ಸಂಘಸಂಸ್ಥೆಗಳಿಗೆ ಸೇರಿದವರು, ಬೇರೆ ಜನಾಂಗದವರ ಬಗ್ಗೆ ಸಹನೆ ಬೆಳೆಸಿಕೊಂಡವರು ಹೆಚ್ಚಿದ್ದರು. ವ್ಯತ್ಯಾಸಗಳು ಬಹಳ ದೊಡ್ಡವಲ್ಲ, ಆದರೆ ಆ ವಯಸ್ಸಿನಲ್ಲಿ ಮನುಷ್ಯ ತಾನಾಗಿಯೇ ಬದಲಾಗುವುದು ಎಷ್ಟು ಅಪರೂಪ ಎಂದು ಬಲ್ಲವರಿಗೆ ಅವು ಸಣ್ಣವಾಗಿ ಕಾಣುವುದಿಲ್ಲ. ನನಗೆ ಈ ಅಧ್ಯಯನದಲ್ಲಿ ಮೆಚ್ಚುಗೆಯಾಗುವುದು ಫಲಿತಾಂಶಕ್ಕಿಂತ ಅದರ ತಾಳ್ಮೆ. ಒಬ್ಬ ಮನುಷ್ಯನ ಬಗ್ಗೆ ಒಂಬತ್ತು ವರ್ಷ ಕಾದು ಮತ್ತೆ ಕೇಳುವುದು, ಅದಕ್ಕೂ ಮೊದಲಿನ ಮೂವತ್ತಮೂರು ವರ್ಷಗಳ ಮಾಹಿತಿಯನ್ನು ಜೋಪಾನ ಮಾಡಿಟ್ಟಿರುವುದು.

ಅದೇ ಬ್ರಿಟನ್ನಿನಲ್ಲಿ ಟಾಮ್ ಶುಲ್ಲರ್ ಮತ್ತು ಸಂಗಡಿಗರು ಜನರನ್ನು ಕೂರಿಸಿ ಅವರ ಬದುಕಿನ ಕಥೆಯನ್ನೇ ಕೇಳುವ ದಾರಿ ಹಿಡಿದರು. ಅವರಿಗೆ ಕಂಡದ್ದರಲ್ಲಿ ಒಂದು ನನ್ನ ಅನುಭವಕ್ಕೆ ತೀರಾ ಹತ್ತಿರದ್ದು: ಕಲಿಕೆ ಬದುಕನ್ನು ಬದಲಿಸುವುದು ಮಾತ್ರವಲ್ಲ, ಎಷ್ಟೋ ಸಲ ಇರುವ ಬದುಕು ಕುಸಿಯದಂತೆ ತಡೆಹಿಡಿಯುತ್ತದೆ. ಇದನ್ನು ಅಳೆಯುವುದು ಇನ್ನೂ ಕಠಿಣ, ಏಕೆಂದರೆ ಮೊದಲಿನ ಉತ್ತರ ಮತ್ತು ನಂತರದ ಉತ್ತರ ಒಂದೇ ಆಗಿರುತ್ತದೆ. ಗಂಡನನ್ನು ಕಳೆದುಕೊಂಡ ವರ್ಷವೂ ಒಂದೇ ಒಂದು ತರಗತಿ ತಪ್ಪಿಸದ ವಿದ್ಯಾರ್ಥಿನಿಯೊಬ್ಬರು ನನಗಿದ್ದರು. ಆಕೆಯ ಹಾಳೆಯಲ್ಲಿ ಎಲ್ಲವೂ "ಮೊದಲಿನಂತೆಯೇ" ಎಂದಿತ್ತು. ಆ ವರ್ಷ ಮೊದಲಿನಂತೆಯೇ ಇರುವುದಕ್ಕೆ ಆಕೆ ಪಟ್ಟ ಪಾಡು ಯಾವ ಅಂಕಣದಲ್ಲೂ ಇರಲಿಲ್ಲ.

ಇನ್ನು, ಅಮೆರಿಕದ ಜ್ಯಾಕ್ ಮೆಜಿರೋ 1970ರ ದಶಕದಲ್ಲಿ, ಬಹುಕಾಲದ ನಂತರ ಕಾಲೇಜಿಗೆ ಮರಳಿದ ಮಹಿಳೆಯರನ್ನು ಅಧ್ಯಯನ ಮಾಡಿ, ವಯಸ್ಕರ ಕಲಿಕೆಯ ತಿರುಳು ಹೊಸ ವಿಷಯ ತುಂಬಿಕೊಳ್ಳುವುದರಲ್ಲಿಲ್ಲ, ಪ್ರಶ್ನಿಸದೆ ಒಪ್ಪಿಕೊಂಡಿದ್ದನ್ನು ಎದುರಿಗಿಟ್ಟು ನೋಡುವುದರಲ್ಲಿದೆ ಎಂದು ತೋರಿಸಿದರು. ಮರಳಿ ಓದಲು ಹೋದ ಸ್ವಂತ ಹೆಂಡತಿಯಲ್ಲಿ ಕಂಡ ಬದಲಾವಣೆಯೂ ಅವರ ಈ ವಿಚಾರದ ಹಿಂದಿತ್ತು. ಆ ಟ್ರಂಕು, ಆ ಆದೇಶದ ಪ್ರತಿ, "ಇದರಲ್ಲಿ ಅವರ ಹೆಸರಿಲ್ಲ" ಎಂಬ ಒಂದು ಸಾಲು, ಇವುಗಳಿಗೆ ಇದಕ್ಕಿಂತ ಹತ್ತಿರದ ವಿವರಣೆ ನನಗೆ ಸಿಕ್ಕಿಲ್ಲ.

ಅಳತೆಯ ಹೊರಗೆ ಏನೇನು ಉಳಿದುಬಿಡಬಹುದು ಎನ್ನುವುದಕ್ಕೆ ನೆರೆಯ ಆಂಧ್ರದ ಒಂದು ಘಟನೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಅದು ಕಾಲೇಜಿನದಲ್ಲ, ಅಕ್ಷರ ಕಲಿಯುವ ರಾತ್ರಿ ಶಾಲೆಯದು. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿದ್ದಾಗ, ಕೂಲಿ ಮುಗಿಸಿ ಬಂದು ಅಕ್ಷರ ತಿದ್ದುತ್ತಿದ್ದ ಹೆಂಗಸರ ಪಾಠದ ಪುಸ್ತಕದಲ್ಲಿ ಸಾರಾಯಿಯಿಂದ ಹಾಳಾದ ಸಂಸಾರದ ಕಥೆಯೊಂದಿತ್ತು. ದೂಬಗುಂಟ ಎಂಬ ಊರಿನ ಹೆಂಗಸರು ಅದನ್ನು ಓದಿ, ತಮ್ಮೂರಿನದೇ ಮಾತಾಗಿ ಚರ್ಚಿಸಿ, 1992ರಲ್ಲಿ ಸಾರಾಯಿಯ ವಿರುದ್ಧ ಎದ್ದು ನಿಂತರು; ಚಳವಳಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, ಮರುವರ್ಷ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆ ಹೆಂಗಸರಿಗೆ ಅಂದು ಯಾರಾದರೂ ಪರೀಕ್ಷೆ ಕೊಟ್ಟಿದ್ದರೆ ಕೇಳುತ್ತಿದ್ದುದು ಎಷ್ಟು ಅಕ್ಷರ ಬರುತ್ತದೆ ಎಂದು.

ನನ್ನ ಈಗಿನ ಪದ್ಧತಿ ಒಂದು ನೋಟ್‌ಬುಕ್ಕು, ಅಷ್ಟೇ. ಭಾವನೆಗಳ ಬಗ್ಗೆ ಕೇಳುವುದನ್ನು ಬಿಟ್ಟಿದ್ದೇನೆ, ಮಾಡಿದ ಕೆಲಸಗಳ ಬಗ್ಗೆ ಕೇಳುತ್ತೇನೆ. ಕಳೆದ ತಿಂಗಳು ಯಾವ ಕಚೇರಿಗೆ ಒಬ್ಬರೇ ಹೋಗಿದ್ದಿರಿ, ಅಲ್ಲಿ ಅರ್ಜಿಯನ್ನು ಯಾರು ಬರೆದರು? ಪಠ್ಯದ್ದಲ್ಲದ ಏನನ್ನು ಓದಿದಿರಿ? ಗ್ರಾಮಸಭೆಗೆ ಹೋಗಿದ್ದಿರಾ, ಹೋಗಿದ್ದರೆ ಎಲ್ಲಿ ಕುಳಿತಿದ್ದಿರಿ, ಬಾಗಿಲ ಬಳಿಯೋ ಮುಂದೆಯೋ? ಮನೆಯಲ್ಲಿ ಒಂದು ತೀರ್ಮಾನ ನಿಮ್ಮ ಮಾತಿನಿಂದ ಬದಲಾದದ್ದು ಯಾವಾಗ? ಎದುರಿಗೆ ದಿನಾಂಕ ಬರೆಯುತ್ತೇನೆ. ಮತ್ತೆ ಮುಗಿಸುವಾಗ, ಮತ್ತೆ ಮೂರು ವರ್ಷ ಬಿಟ್ಟು. "ಆತ್ಮವಿಶ್ವಾಸ" ಎಂಬ ಪದ ಈ ನೋಟ್‌ಬುಕ್ಕಿನಲ್ಲಿಲ್ಲ, ಆದರೆ ತಾಲ್ಲೂಕು ಕಚೇರಿಯಲ್ಲಿ ತಾನೇ ಬರೆದ ಅರ್ಜಿಗೆ ಸ್ವೀಕೃತಿ ಕೇಳಿ ಪಡೆದು ಬಂದ ಹೋಮ್‌ಗಾರ್ಡ್ ಒಬ್ಬರ ದಿನಾಂಕವಿದೆ. ಇದು ಸಂಶೋಧನೆಯಲ್ಲ, ಎಲ್ಲ ಸೇರಿ ಅರವತ್ತು ಚಿಲ್ಲರೆ ಜನ, ಹೋಲಿಕೆಗೆ ಯಾರೂ ಇಲ್ಲ, ಕೇಳುವವಳೂ ಪಾಠ ಹೇಳಿದವಳೇ. ಆದರೆ ಒಬ್ಬ ಸಾಧಾರಣ ಅಧ್ಯಾಪಕಿಗೆ ಸಾಧ್ಯವಿರುವ ಕೆಲಸವಿದು, ಪ್ರತಿ ಅಧ್ಯಯನ ಕೇಂದ್ರವೂ ಇದನ್ನು ಮಾಡಿದರೆ ಹತ್ತು ವರ್ಷದಲ್ಲಿ ನಮ್ಮ ಬಳಿ ಏನಿರುತ್ತದೆ ಎಂದು ಯೋಚಿಸಿದರೆ ಆಸೆಯಾಗುತ್ತದೆ.

ಮಧ್ಯದಲ್ಲೇ ಬಿಟ್ಟುಹೋದವರನ್ನೂ ನಾನು ಕೇಳುತ್ತೇನೆ, ಅವರ ಫೋನ್ ನಂಬರ್ ಸಿಕ್ಕರೆ. ಅಂಕಿ-ಅಂಶಗಳಲ್ಲಿ ಅವರು ನಷ್ಟದ ಬಾಬತ್ತು. ಬಸ್ ಕಂಡಕ್ಟರ್ ಒಬ್ಬರು ಎರಡನೇ ವರ್ಷದಲ್ಲಿ ಇಂಗ್ಲಿಷ್ ಬಾಕಿ ಉಳಿಸಿಕೊಂಡು ಓದು ನಿಲ್ಲಿಸಿದ್ದರು. ನಾಲ್ಕು ವರ್ಷಗಳ ನಂತರ ಪ್ರವೇಶಾತಿಯ ಸಾಲಿನಲ್ಲಿ ಅವರನ್ನು ಕಂಡು, ಮತ್ತೆ ಸೇರುತ್ತಿದ್ದೀರಾ ಎಂದು ಕೇಳಿದೆ. ತಮ್ಮನ ಹೆಂಡತಿಯ ಅರ್ಜಿ ಹಿಡಿದು ನಿಂತಿದ್ದರು, ಆ ಹುಡುಗಿ ಪಕ್ಕದಲ್ಲಿ ಅಂಕಪಟ್ಟಿಗಳ ಕವರು ಹಿಡಿದಿದ್ದಳು. "ನಾನು ಮುಗಿಸ್ಲಿಲ್ಲ ಮೇಡಂ, ಆದ್ರೆ ಎಲ್ಲಿ ಏನು ಮಾಡ್ಬೇಕು ಅಂತ ಗೊತ್ತಾಯ್ತಲ್ಲ" ಎಂದರು. ಆ ಮನೆಯಲ್ಲಿ ಕಾಲೇಜಿನ ದಾರಿ ಬಲ್ಲವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಅವರನ್ನು ಅರ್ಧಕ್ಕೆ ಬಿಟ್ಟವರ ಪಟ್ಟಿಯಲ್ಲಿ ಬರೆಯುವಾಗ ನನ್ನ ಕೈ ತಡೆಯುತ್ತದೆ.

ಇಷ್ಟನ್ನೆಲ್ಲ ಬರೆದ ಮೇಲೆ ಲಾಭದ ಬದಿಯನ್ನಷ್ಟೇ ಬರೆದರೆ ಮೋಸವಾಗುತ್ತದೆ. ಓದಿದ ಮೇಲೆ ಊರಿನ ಗೆಳತಿಯರ ಜೊತೆ ಕೂತರೆ ಮಾತೇ ಹುಟ್ಟುವುದಿಲ್ಲ ಎಂದು ಅಂಗನವಾಡಿ ಕಾರ್ಯಕರ್ತೆಯೊಬ್ಬರು ಹೇಳಿದಾಗ ಅವರ ಮುಖದಲ್ಲಿ ಹೆಮ್ಮೆ ಇರಲಿಲ್ಲ, ಒಂಟಿತನವಿತ್ತು. ಇನ್ನೊಬ್ಬರ ಮನೆಯಲ್ಲಿ ಪ್ರತಿ ಶನಿವಾರ ರಾತ್ರಿ ಜಗಳವಾಗುತ್ತಿತ್ತು, ಕಾರಣ ಮರುದಿನದ ತರಗತಿ. ಬದಲಾವಣೆಯನ್ನು ಅಳೆಯುತ್ತೇವೆ ಎನ್ನುವವರು ಕಳೆದುಕೊಂಡದ್ದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ನಾನು ಬಹುಕಾಲ ಆ ಪ್ರಶ್ನೆಯನ್ನು ಕೇಳಲೇ ಇಲ್ಲ, ಉತ್ತರ ನನಗೆ ಬೇಡವಾಗಿತ್ತು.

ಅದನ್ನು ನನಗೆ ಕಲಿಸಿದ್ದು ಒಂದು ಹುಡುಗಿ. ಮೂರು ವರ್ಷದ ಹಿಂದೆ, ಭೂಸುಧಾರಣೆಯ ಉತ್ತರ ಬರೆದಿದ್ದ ಆ ಗೃಹಿಣಿಯ ಮನೆಗೆ ನೋಟ್‌ಬುಕ್ಕು ಹಿಡಿದು ಹೋಗಿದ್ದೆ. ಅವರು ಪದವಿ ಮುಗಿಸಿ ಊರಿನ ಗ್ರಂಥಾಲಯದ ಕೆಲಸಕ್ಕೆ ಹೋಗುತ್ತಿದ್ದರು. ಅತ್ತೆಯವರು ಪಡಸಾಲೆಯಲ್ಲಿ ಅಡಿಕೆ ಹೋಳು ಮಾಡುತ್ತಾ ಕುಳಿತಿದ್ದರು. ಮಾತಿನ ನಡುವೆ ಕಾಫಿ ತಂದಿಟ್ಟ ಮಗಳನ್ನು, ನಿಮ್ಮಮ್ಮ ಓದುತ್ತಿದ್ದಾಗ ಹೇಗಿತ್ತು ಎಂದು ಕೇಳಿದೆ. ಅವಳು ಒಂದು ಕ್ಷಣ ಅಮ್ಮನ ಮುಖ ನೋಡಿ, "ಭಾನುವಾರ ಎಲ್ಲಾ ನಾನೇ ಅಡುಗೆ ಮಾಡ್ತಿದ್ದೆ. ಆಗ ಹತ್ತನೇ ಕ್ಲಾಸು" ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ, ನಡೆದದ್ದನ್ನು ನಡೆದಂತೆ ಹೇಳಿದಳು. ಅಮ್ಮ ತಲೆತಗ್ಗಿಸಿ ಲೋಟದ ಅಂಚು ಸವರುತ್ತಿದ್ದರು. ಅತ್ತೆಯವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ನಾನೂ ಸಾರಿಗೆ ಒಗ್ಗರಣೆ ಹಾಕಿಕೊಡ್ತಿದ್ದೆ" ಎಂದರು.

ತೆರಪು ತಾನಾಗಿ ಹುಟ್ಟುವುದಿಲ್ಲ, ಯಾರೋ ತಮ್ಮ ಹೊತ್ತನ್ನು ಕೊಟ್ಟಿರುತ್ತಾರೆ. ಈ ಜುಲೈ ಪ್ರವೇಶಾತಿಯ ತಂಡ ಬರುವ ತಿಂಗಳು ಮೊದಲ ತರಗತಿಗೆ ಬರುತ್ತದೆ. ನೋಟ್‌ಬುಕ್ಕಿನ ಹೊಸ ಪುಟಗಳಿಗೆ ಗೆರೆ ಹಾಕಿ ಆಗಿದೆ. ಮೊದಲ ಅಂಕಣದ ಪ್ರಶ್ನೆಯನ್ನು ಬದಲಿಸಿದ್ದೇನೆ: ನೀವು ಇಲ್ಲಿ ಕುಳಿತಿರುವ ಈ ಹೊತ್ತಿನಲ್ಲಿ, ಮನೆಯಲ್ಲಿ ನಿಮ್ಮ ಕೆಲಸವನ್ನು ಯಾರು ಮಾಡುತ್ತಿದ್ದಾರೆ? ಅವರ ವಯಸ್ಸು ಎಷ್ಟು?